ಮದರಾಸಿಗೆ ಹಡಗೇರಿ ಬಂದ ಚಳಿಗಾಲ

ಇಂದು ಚೆನ್ನೈ ಎನಿಸಿಕೊಂಡಿರುವ ಮದರಾಸಿನಲ್ಲಿ ಹಿಮ ಬೀಳುವುದಿಲ್ಲ. ನೀರು ಹೆಪ್ಪುಗಟ್ಟಲು ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯಬೇಕು. ಕಡಲ ಮಗ್ಗುಲಿನ ಆ ನಗರದಲ್ಲಿ ಪುಷ್ಯಮಾಸದ ರಾತ್ರಿಯೂ 20 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದರೂ, ಮಂಜುಗಡ್ಡೆಯ ಯಂತ್ರಗಳು ಬರುವ ಮೊದಲೇ ಅಲ್ಲಿ ಮಂಜುಗಡ್ಡೆ ಮಾರಾಟಕ್ಕಿದ್ದಿತೆಂದರೆ ಯಾರಿಗೆ ಸೋಜಿಗವಾಗದು?

ಅದನ್ನು ಕಳುಹಿಸಿದವನು ಅಮೆರಿಕದ ಬಾಸ್ಟನ್ ನಗರದ ವರ್ತಕ ಫ್ರೆಡರಿಕ್ ಟ್ಯೂಡರ್. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳು ಹೆಪ್ಪುಗಟ್ಟಿದಾಗ ಗಡ್ಡೆಗಳನ್ನು ಚೌಕವಾಗಿ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿಗೆ ತುಂಬುತ್ತಿದ್ದರು. ನಮ್ಮ ದೇಶಕ್ಕೆ ಬಂದ ಮೊದಲ ಸರಕು ಸೇರಿದ್ದು ಕಲಕತ್ತೆಗೆ. 1833ರಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ನು ಹೊತ್ತು ಹೊರಟು, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕು ತಿಂಗಳ ತರುವಾಯ ದಡ ಮುಟ್ಟಿದಾಗ ಸುಮಾರು 100 ಟನ್ನು ಉಳಿದಿದ್ದಿತು. ಕರಗಿದ್ದು ಕರಗಲಿ, ಉಳಿದದ್ದೇ ಲಾಭ!

1842ರಲ್ಲಿ ಮದರಾಸಿನ ಕಡಲತೀರದಲ್ಲಿಯೂ ಒಂದು ಹಿಮಗೃಹ ಎದ್ದಿತು. ದೊರೆಗಳ ಪಾನೀಯಕ್ಕೂ, ಜ್ವರಪೀಡಿತರ ಹಣೆಗೂ ಸಾವಿರಾರು ಮೈಲಿಯಾಚೆಯ ಕೆರೆಯ ತಂಪು ಒದಗಿತು. ಆದರೆ ಅದು ಬೆಲೆ ತೆರಬಲ್ಲವರ ತಂಪು, ಬಿಸಿಲಾದರೋ ಎಲ್ಲರದು.

ಮುಂದೆ ಯಂತ್ರಗಳು ನಮ್ಮ ದೇಶದಲ್ಲಿಯೇ ಮಂಜುಗಡ್ಡೆ ತಯಾರಿಸತೊಡಗಿದುವು; ಟ್ಯೂಡರನ ವ್ಯಾಪಾರ ಕರಗಿಹೋಯಿತು. ಕಟ್ಟಡ ಮಾತ್ರ ಉಳಿಯಿತು. 1897ರಲ್ಲಿ ಪಶ್ಚಿಮದಿಂದ ಮರಳಿದ ಸ್ವಾಮಿ ವಿವೇಕಾನಂದರು ಅಲ್ಲಿಯೇ ತಂಗಿದರು. ಈಗ ಅದು ಅವರ ಹೆಸರಿನ ಸ್ಮಾರಕ. ಸುತ್ತಲಿನ ಬಡಾವಣೆಯನ್ನು ಮಾತ್ರ ಜನ ಇಂದಿಗೂ ‘ಐಸ್‌ಹೌಸ್’ ಎಂದೇ ಕರೆಯುತ್ತಾರೆ. ಹಿಮವನ್ನೇ ಕಾಣದ ಊರಿನಲ್ಲಿ ಕರಗದೆ ಉಳಿದಿರುವುದು ಆ ಹೆಸರು.