ಕಂಪ್ಯೂಟರ್ ಬದಲಿಸೋ ಮುಂಚೆ ಕಂಪನಿಯ ನಕ್ಷೆ ಬರೀರಿ: ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂದರೆ ಇಷ್ಟೇ

2025ರ ಸೆಪ್ಟೆಂಬರ್ 22ರಿಂದ ಹೊಸ ಜಿಎಸ್‌ಟಿ ದರ ಜಾರಿಗೆ ಬಂತು. ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳೀತು. ಗಿರಾಕಿಗೆ ಖುಷಿ. ಹೋಲ್‌ಸೇಲ್ ವ್ಯಾಪಾರಿಗೆ ಮಾತ್ರ ತಲೆನೋವು: ಈ ದರ ಎಲ್ಲೆಲ್ಲಿ ಬದಲಿಸಬೇಕು? ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ, ಸರಿ. ಸೇಲ್ಸ್‌ಮನ್ ಮೊಬೈಲಿನ ಆರ್ಡರ್ ಆಪ್‌ನಲ್ಲಿ? ವಾಟ್ಸಾಪ್‌ನಲ್ಲಿ ಓಡಾಡೋ ರೇಟ್ ಲಿಸ್ಟ್‌ನಲ್ಲಿ? ಗೋಡೌನ್‌ನಲ್ಲಿರೋ ಹಳೇ ಎಂಆರ್‌ಪಿ ಮಾಲಿನ ಕಥೆ?

ಇದಕ್ಕೆಲ್ಲ ಉತ್ತರ ಒಬ್ಬ ಅಕೌಂಟೆಂಟ್ ತಲೆಯಲ್ಲಿ ಮಾತ್ರ ಇದ್ದರೆ, ಅವರು ರಜೆ ಹಾಕಿದ ದಿನ ವ್ಯಾಪಾರಾನೂ ರಜೆ. ಅದನ್ನು ಚಿತ್ರವಾಗಿ ಕಾಗದಕ್ಕೆ ಇಳಿಸೋ ಕೆಲಸಕ್ಕೆ ದೊಡ್ಡ ಕಂಪನಿಗಳಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಮಾಡೆಲಿಂಗ್ ಅಂತಾರೆ. ಹೆಸರು ಭಾರಿ, ವಿಷಯ ಅಷ್ಟಿಲ್ಲ. ಮನೆ ಕಟ್ಟೋಕೆ ಪ್ಲಾನ್ ಹಾಕಿಸ್ತೀವಲ್ಲ, ಹಾಗೇ. ಆದರೆ ಇಲ್ಲಿ ಮನೆ ಆಗಲೇ ಕಟ್ಟಾಗಿದೆ, ಜನ ವಾಸ ಇದ್ದಾರೆ, ಗೋಡೆ ಒಳಗೆ ವೈರು ಎಲ್ಲಿ ಹೋಗಿದೆ ಅಂತ ಯಾರಿಗೂ ನೆನಪಿಲ್ಲ.

1987ರಲ್ಲಿ ಐಬಿಎಂ ಕಂಪನಿಯ ಜಾನ್ ಜಾಕ್‌ಮನ್ ಬರೆದ ಲೇಖನದಿಂದ ಈ ವಿಚಾರ ಹೆಸರು ಮಾಡ್ತು. ಈಗ ಇದಕ್ಕೆ ಆರ್ಕಿಮೇಟ್ ಅನ್ನೋ ಚಿತ್ರಭಾಷೆ ಇದೆ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ಅದರ ತಿರುಳು ಮೂರು ಅಂತಸ್ತು. ಮೇಲೆ ವ್ಯವಹಾರ: ಆರ್ಡರ್ ತಗೊಳ್ಳೋದು, ಮಾಲು ಕಳಿಸೋದು, ದುಡ್ಡು ವಸೂಲಿ. ನಡುವೆ ಆ ಕೆಲಸಕ್ಕೆ ಬಳಸೋ ಸಾಫ್ಟ್‌ವೇರ್. ಕೆಳಗೆ ಅದು ಓಡೋ ಕಂಪ್ಯೂಟರ್, ಸರ್ವರ್, ನೆಟ್. ಒಂದೊಂದಕ್ಕೂ ಒಂದು ಚೌಕ, ಯಾವುದು ಯಾವುದನ್ನು ನಂಬಿದೆ ಅಂತ ತೋರಿಸೋಕೆ ಗೆರೆ. ದರ ಬದಲಾದರೆ 'ತೆರಿಗೆ ದರ' ಅನ್ನೋ ಚೌಕದ ಮೇಲೆ ಬೆರಳಿಟ್ಟು ಗೆರೆ ಹಿಡಿದು ಹೋದರಾಯ್ತು.

ಶುರು ಮಾಡೋರು ಸಾಮಾನ್ಯವಾಗಿ ಇಡೀ ಕಂಪನಿಯನ್ನೇ ಬರೆಯೋಕೆ ಹೋಗ್ತಾರೆ, ಅರ್ಧಕ್ಕೇ ಕೈಬಿಡ್ತಾರೆ. ಒಂದೇ ಪ್ರಶ್ನೆ ಹಿಡೀರಿ. ಉದಾಹರಣೆಗೆ, ಒಂದು ಆರ್ಡರ್ ಬಂದಾಗಿನಿಂದ ದುಡ್ಡು ಕೈಸೇರೋವರೆಗೆ ಏನೇನು ನಡೆಯುತ್ತೆ? ಕಂಪ್ಯೂಟರ್ ನೋಡೋ ಹುಡುಗನನ್ನು ಮಾತ್ರ ಕೇಳಿದರೆ ಸಾಲದು. ಗೋಡೌನ್‌ನವರು, ಡೆಲಿವರಿ ವ್ಯಾನಿನ ಡ್ರೈವರು ಎಲ್ಲರನ್ನೂ ಕೂರಿಸಿ. 'ನಿಯಮ ಏನು' ಅಂತ ಕೇಳಬೇಡಿ, 'ನಿನ್ನೆ ಏನು ಮಾಡಿದ್ರಿ' ಅಂತ ಕೇಳಿ. ಗೋಡೌನ್‌ನವರು ಸ್ಟಾಕನ್ನು ಇವತ್ತಿಗೂ ನೋಟ್‌ಬುಕ್‌ನಲ್ಲಿ ಬರೀತಿದ್ದರೆ ಆ ನೋಟ್‌ಬುಕ್ಕೂ ನಕ್ಷೆಗೆ ಬರಲೇಬೇಕು. ಅದನ್ನು ಬಿಟ್ಟು ಬರೆದ ನಕ್ಷೆ ಗೋಡೆಗೆ ಅಂದ ಅಷ್ಟೇ.

ಪ್ರತಿ ಚೌಕಕ್ಕೂ ಒಬ್ಬರ ಹೆಸರು ಹಾಕಿ. ಜಿಎಸ್‌ಟಿ ಪೋರ್ಟಲ್ ಒಟಿಪಿ ಯಾರ ಮೊಬೈಲಿಗೆ ಬರುತ್ತೆ? ಕೆಲಸ ಬಿಟ್ಟು ಹೋದವರ ನಂಬರ್ ಆಗಿದ್ದರೆ ಅದು ಇಲ್ಲೇ ಸಿಕ್ಕಿಬೀಳುತ್ತೆ, ರಿಟರ್ನ್ ಹಾಕೋ ಕೊನೇ ದಿನ ರಾತ್ರಿ ಅಲ್ಲ.

ಮೊದಲ ನಕ್ಷೆಗೆ ಚಾರ್ಟ್ ಪೇಪರ್, ಸ್ಕೆಚ್ ಪೆನ್ ಸಾಕು. ಚೌಕಗಳು ಜಾಸ್ತಿ ಆದಾಗ 'ಆರ್ಕಿ' ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡುತ್ತೆ. ಅದರಲ್ಲಿ ಒಂದು ಚೌಕದ ಹೆಸರು ತಿದ್ದಿದರೆ ಅದು ಇರೋ ಎಲ್ಲಾ ಚಿತ್ರದಲ್ಲೂ ತಾನೇ ಬದಲಾಗುತ್ತೆ. ಮೂಲೆಯಲ್ಲಿ ತಾರೀಕು ಬರೆಯೋದು ಮರೀಬೇಡಿ.

ಮುಂದಿನ ಸಲ ಹೊಸ ಸಾಫ್ಟ್‌ವೇರ್ ಮಾರೋಕೆ ಯಾರಾದರೂ ಬಂದರೆ ಈ ನಕ್ಷೆ ಮುಂದಿಟ್ಟು ಎರಡು ಕೇಳಿ: ನಿಮ್ಮದು ಇದರಲ್ಲಿ ಯಾವ ಚೌಕದ ಜಾಗಕ್ಕೆ ಬರುತ್ತೆ, ಅಲ್ಲಿರೋ ಹಳೇ ಲೆಕ್ಕ ಎಲ್ಲಿಗೆ ಹೋಗುತ್ತೆ?