ತಗಡು ಮಡಚುವ ಮುನ್ನ

ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರೆ 'ರೋಬೋಟ್' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. 2025ರ ಜೂನ್‌ನಲ್ಲಿ ಆರಂಭವಾದ ಶಾಲಾ ವರ್ಷದಿಂದ ಕೇರಳದ ಹತ್ತನೇ ತರಗತಿಯ ಐ.ಸಿ.ಟಿ. ಪಾಠದಲ್ಲಿ ರೋಬೋಟಿಕ್ಸ್ ಸೇರಿದೆ. ಆ ಪಠ್ಯ ಕನ್ನಡ ಮಾಧ್ಯಮದಲ್ಲೂ ಇದೆ. ಶಾಲೆಯ ಪುಟ್ಟ ಮೋಟಾರಿಗೆ ರಟ್ಟು, ಅಂಟು ಸಾಕು. ಆದರೆ ಮಕ್ಕಳು ತಂಡ ಕಟ್ಟಿಕೊಂಡು ಭಾರ ಎತ್ತುವ ಯಂತ್ರ ಮಾಡಹೊರಟರೆ, ಮೋಟಾರನ್ನು ಬಿಗಿಯಾಗಿ ಹಿಡಿದಿಡಲು ತಗಡಿನ ಬ್ರಾಕೆಟ್ ಬೇಕು. ಯಂತ್ರ ಒಂದು ಕಡೆಗೆ ವಾಲಿ ಓಡಿದರೆ ಮಕ್ಕಳು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ನಿದ್ದೆಗೆಡುತ್ತಾರೆ. ಎಷ್ಟೋ ಸಲ ತಪ್ಪಿರುವುದು ತಗಡಿನ ಮಡಿಕೆಯಲ್ಲಿ.

ಮೊದಲು ಅಳತೆ. 'ಎಲ್' ಆಕಾರದ ಬ್ರಾಕೆಟಿನ ಎರಡೂ ಕಾಲುಗಳು ಹೊರಗಿನಿಂದ 30 ಮಿಲ್ಲಿಮೀಟರ್ ಇರಬೇಕು ಎನ್ನೋಣ. ಎಷ್ಟುದ್ದದ ತಗಡು ಕತ್ತರಿಸುತ್ತೀರಿ? 60 ಎಂದಿರಾ? ಅಲ್ಲ. ತಗಡಿನ ದಪ್ಪ 2 ಮಿ.ಮೀ., ಮಡಿಕೆಯ ಒಳತಿರುವಿನ ತ್ರಿಜ್ಯವೂ 2 ಮಿ.ಮೀ. ಆದರೆ ಸುಮಾರು 56.4 ಸಾಕು. ಮೂಲೆ ಚೂಪಾಗಿ ತಿರುಗುವುದಿಲ್ಲ, ದುಂಡಗೆ ತಿರುಗುತ್ತದೆ. ದುಂಡು ದಾರಿ ಹತ್ತಿರದ ದಾರಿ. ಲೆಕ್ಕ ಕಷ್ಟವೆನಿಸಿದರೆ ಅದೇ ತಗಡಿನ 60 ಮಿ.ಮೀ. ತುಂಡೊಂದನ್ನು ಮಡಚಿ, ಎರಡೂ ಕಾಲುಗಳನ್ನು ಹೊರಗಿನಿಂದ ಅಳೆದು ಕೂಡಿಸಿ. 60ಕ್ಕಿಂತ ಎಷ್ಟು ಹೆಚ್ಚು ಬರುತ್ತದೋ ಅಷ್ಟನ್ನು ಮುಂದಿನ ತುಂಡುಗಳಲ್ಲಿ ಕಳೆಯಿರಿ.

ಎರಡನೆಯದು, ತಗಡಿನ ಗುಣ. ಒಣಗಿದ ಅಡಿಕೆ ಹಾಳೆಯನ್ನು ಮಡಚಿ ನೋಡಿ, ಸೀಳುತ್ತದೆ. ನೀರಲ್ಲಿ ನೆನೆಸಿದ ಹಾಳೆ ಮುಟ್ಟಾಳೆಯಾಗುತ್ತದೆ. ಅಲ್ಯೂಮಿನಿಯಂನಲ್ಲೂ ಹೀಗೆಯೇ: 6061-ಟಿ6 ಬಲವಾದದ್ದು, ಆದರೆ ಬಿಗಿಯಾಗಿ ಮಡಚಿದರೆ ಬಿರಿಯುತ್ತದೆ, 5052 ಜಾತಿಯದು ಮಡಿಕೆಗೆ ಒಗ್ಗುತ್ತದೆ. ಹಾಳೆಗೆ ನಾರಿರುವಂತೆ ತಗಡಿಗೂ ರೋಲರಿನಡಿ ಎಳೆದ ದಿಕ್ಕೊಂದಿದೆ. ಮೇಲ್ಮೈಯ ಸಣ್ಣ ಗೆರೆಗಳು ಅದನ್ನು ತೋರಿಸುತ್ತವೆ. ಮಡಿಕೆ ಆ ಗೆರೆಗಳಿಗೆ ಅಡ್ಡವಾಗಿರಲಿ.

ಮೂರನೆಯದು, ತೂತು. ಮಡಿಕೆಗೆ ತೀರ ಹತ್ತಿರ ಕೊರೆದ ತೂತು ಮಡಚುವಾಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಬೋಲ್ಟು ಕೂರುವುದಿಲ್ಲ. ತಿರುವು ಮುಗಿದಲ್ಲಿಂದ ತೂತಿನ ಅಂಚಿಗೆ ತಗಡಿನ ದಪ್ಪದ ಎರಡೂವರೆ ಪಟ್ಟು, ಅಂದರೆ ಇಲ್ಲಿ 5 ಮಿ.ಮೀ. ಜಾಗ ಬಿಡಿ.

ಬ್ರಾಕೆಟ್ ಬಳುಕಿದರೆ ದಪ್ಪ ತಗಡಿಗೆ ಓಡಬೇಡಿ. ದಪ್ಪ ಇಮ್ಮಡಿಯಾದರೆ ಬಾಗದ ಗುಣ ಎಂಟು ಪಟ್ಟಾಗುವುದು ನಿಜ, ಆದರೆ ತೂಕವೂ ಇಮ್ಮಡಿ. ಅದನ್ನು ಎಳೆಯಬೇಕಾದದ್ದು ಅದೇ ಮೋಟಾರು. ಉಣ್ಣುವ ಸ್ಟೀಲ್ ತಟ್ಟೆಯನ್ನು ನೋಡಿ: ತೆಳುವಾದರೂ ಬಳುಕದಿರುವುದು ಅದರ ಎದ್ದ ಅಂಚಿನಿಂದ. ಬ್ರಾಕೆಟಿನ ಬದಿಗೂ ಅಂಥ ಸಣ್ಣ ಅಂಚು ಮಡಚಿ.

ಇಷ್ಟನ್ನೂ ಮೊದಲು ರಟ್ಟಿನಲ್ಲಿ ಕತ್ತರಿಸಿ, ಮೋಟಾರು ಕೂರಿಸಿ ನೋಡಿ. ರಟ್ಟು ಹಾಳಾದರೆ ನಷ್ಟವಿಲ್ಲ. ಆಮೇಲೆ ತಗಡಿಗೆ ಕೈಹಾಕಿ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಲು ಮರೆಯಬೇಡಿ, ಬೆರಳು ಕೊಯ್ದೀತು.

ಕೊನೆಯದಾಗಿ ಒಂದು ಮಾತು. ನಿಮ್ಮೂರಿನಲ್ಲಿ ನೀರಿನ ದಂಬೆ, ಡಬ್ಬಿ ಮಾಡುವ ತಗಡಿನ ಕೆಲಸದವರಿದ್ದರೆ ಮಕ್ಕಳನ್ನು ಅವರಲ್ಲಿಗೆ ಕಳುಹಿಸಿ. ಎಷ್ಟು ಬಿಟ್ಟು ಮಡಚಬೇಕೆಂಬುದು ಅವರ ಕೈಗೆ ಗೊತ್ತು. ಅವರು ಹೇಳುವುದು ಕನ್ನಡದಲ್ಲಿರಲಿ, ಮಲಯಾಳದಲ್ಲಿರಲಿ, ತುಳುವಿನಲ್ಲಿರಲಿ, ತಗಡು ಮಡಚುವ ಲೆಕ್ಕ ಒಂದೇ.