ನಿಮಗಿದು ಗೊತ್ತೇ? ನಿಡಘಟ್ಟದ ನೆರೆಯ ಎರಡು ಹಾಡು

● ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕಟ್ಟಿದ್ದು ಎರಡು ಭಾಗವಾಗಿ. ಅವೆರಡೂ ಕೂಡುವುದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಇಷ್ಟು ಹಲವರಿಗೆ ಗೊತ್ತು. ಅಲ್ಲಿಂದ ಹಳೇ ರಸ್ತೆ ಹಿಡಿದು ಬೆಂಗಳೂರಿನ ಕಡೆ ಹೊರಟರೆ ಚನ್ನಪಟ್ಟಣಕ್ಕೆ ಮೊದಲೇ ದೊಡ್ಡಮಳೂರು ಸಿಗುತ್ತದೆ. ‘ಜಗದೋದ್ಧಾರನ’ ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆ ಬಹಳ ಹಳೆಯದು. ಅಪ್ರಮೇಯಸ್ವಾಮಿ ಗುಡಿಯ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ಹಾಡಿದರಂತೆ. ಮಕ್ಕಳ ಭಾಗ್ಯ ಬೇಡುವವರು ಇಂದಿಗೂ ಅಲ್ಲಿ ತೊಟ್ಟಿಲು ಹರಕೆ ಒಪ್ಪಿಸುತ್ತಾರೆ.

● ಅದೇ ಚನ್ನಪಟ್ಟಣ ತಾಲ್ಲೂಕಿನ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯರು ವ್ಯಾಸತೀರ್ಥರು. ‘ಕೃಷ್ಣಾ ನೀ ಬೇಗನೆ ಬಾರೋ’ ಅವರದು. ಹುಟ್ಟೂರು ಬನ್ನೂರು, ಮಳವಳ್ಳಿಯವರು ಮೈಸೂರಿಗೆ ಹೋಗುವ ದಾರಿಯಲ್ಲೇ. ಪುರಂದರದಾಸರಿಗೆ ದೀಕ್ಷೆ ಕೊಟ್ಟವರೂ ಇವರೇ. ಹೀಗೆ ಗುರುವಿನದೊಂದು, ಶಿಷ್ಯನದೊಂದು ಹಾಡು. ಎರಡರಲ್ಲೂ ಯಶೋದೆಯ ಮಗನೇ.

● ಈ ಎರಡರಂತೆ ಹಲವು ತಲೆಮಾರಿನ ಕಲಾವಿದರು ಮತ್ತೆ ಮತ್ತೆ ಎತ್ತಿಕೊಂಡು ತಮ್ಮದಾಗಿಸಿಕೊಳ್ಳುವ ಹಾಡಿಗೆ ಅಮೆರಿಕದ ಜಾಝ್‌ನವರು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. 1930ರ ‘ಬಾಡಿ ಅಂಡ್ ಸೋಲ್’ ಅಂಥದ್ದು. ಜಾನಿ ಗ್ರೀನ್ ರಾಗ ಹಾಕಿದ ಈ ಹಾಡಿಗೆ 32 ಆವರ್ತಗಳು. ಮೊದಲ ಮಟ್ಟು ಎರಡು ಸಲ, ನಡುವೆ ಬೇರೆ ಶ್ರುತಿಗೆ ಹಾರುವ ಮಟ್ಟು, ಮತ್ತೆ ಮೊದಲಿನದು. 1939ರಲ್ಲಿ ಸ್ಯಾಕ್ಸೊಫೋನಿನ ಕೋಲ್ಮನ್ ಹಾಕಿನ್ಸ್ ಮೂಲ ಮಟ್ಟನ್ನು ಆರಂಭದಲ್ಲಷ್ಟೇ ಸುಳಿಸಿ, ಉಳಿದದ್ದನ್ನೆಲ್ಲ ಮನೋಧರ್ಮದಿಂದಲೇ ನುಡಿಸಿದರು. ನಮ್ಮ ಪದಗಳಲ್ಲಿ ಪ್ರತಿ ಚರಣ ಮುಗಿದಾಗಲೂ ಪಲ್ಲವಿಗೆ ಮರಳಬೇಕು. ಆ ಪಲ್ಲವಿಗೇ ಒಂದರ ಮೇಲೊಂದು ಸಂಗತಿ ಹಾಕಿ ಬೆಳೆಸುವುದು ಹಾಡುವವರ ಸ್ವಾತಂತ್ರ್ಯ.

● ‘ಜಗದೋದ್ಧಾರನ’ ಹೆಚ್ಚಾಗಿ ಕೇಳುವುದು ಕಾಪಿ ರಾಗ, ಆದಿ ತಾಳದಲ್ಲಿ; 8 ಎಣಿಕೆ. ಕಾಪಿ 22ನೇ ಮೇಳವಾದ ಖರಹರಪ್ರಿಯದ ಮಗು. ಆದರೆ ಮನೆಯ ಸ್ವರಗಳಷ್ಟರಲ್ಲೇ ಇದು ನಿಲ್ಲುವುದಿಲ್ಲ. ಏರುವಾಗ ಕಾಕಲಿ ನಿಷಾದ, ಇಳಿಯುವಾಗ ಕೈಶಿಕಿ ನಿಷಾದ. ಸಾಧಾರಣ ಗಾಂಧಾರದ ನಡುವೆ ಒಮ್ಮೊಮ್ಮೆ ಅಂತರ ಗಾಂಧಾರ ಇಣುಕಿ ಹೋಗುತ್ತದೆ. ಹಾಡಿನ ವಾತ್ಸಲ್ಯವೆಲ್ಲ ನನಗೆ ಕೇಳಿಸುವುದು ಈ ಅನ್ಯಸ್ವರದಲ್ಲೇ. ಜಾಝ್‌ನ ತಾಯಿಬೇರಾದ ಬ್ಲೂಸ್‌ನಲ್ಲಿಯೂ ಗಾಂಧಾರ ಇವೆರಡರ ನಡುವೆ ತೂಗಾಡುತ್ತದೆ. ಎರಡಕ್ಕೂ ನಂಟಿಲ್ಲ, ಆದರೂ ಕಿವಿ ಗುರುತು ಹಿಡಿಯುತ್ತದೆ.

● ‘ಕೃಷ್ಣಾ ನೀ ಬೇಗನೆ’ಯ ರಾಗ ಯಮುನಾಕಲ್ಯಾಣಿ. ಕಲ್ಯಾಣಿಯ ಪ್ರತಿಮಧ್ಯಮದ ಪಕ್ಕ ಇಲ್ಲಿ ಶುದ್ಧಮಧ್ಯಮವೂ ಬಂದು ಸೇರುತ್ತದೆ. ಮತ್ತೆ ಅನ್ಯಸ್ವರವೇ! ತಾಳ ಮಿಶ್ರಛಾಪು: 3 ಮತ್ತು 4, ಒಟ್ಟು 7. ಆ ಸಮವಲ್ಲದ ನಡೆ ಪುಟ್ಟ ಕಾಲಿನ ಓಟಕ್ಕೆ ಎಷ್ಟು ಒಪ್ಪುತ್ತದೆ!

● ದಾಸರ ಪದಗಳ ಸಾಹಿತ್ಯ ಉಳಿದಂತೆ ಮಟ್ಟು ಉಳಿಯಲಿಲ್ಲ. ನಾವಿಂದು ಕೇಳುವ ಮಟ್ಟುಗಳು ಬಹುಪಾಲು ನಂತರದವರು ಕೂಡಿಸಿದವು. ‘ಜಗದೋದ್ಧಾರನ’ವನ್ನು ಮನೆಮನೆಗೆ ಮುಟ್ಟಿಸಿದ್ದು ಬಿ.ಎಸ್. ರಾಜಯ್ಯಂಗಾರ್ ಅವರ ಗ್ರಾಮಫೋನ್ ತಟ್ಟೆ. ಕಛೇರಿಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಕೊನೆಯ ಭಾಗದಲ್ಲಿ ಜಾಗ.

● 1976ರ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ನರ್ತಕಿ ಬಾಲಸರಸ್ವತಿ ಕಡಲ ದಂಡೆಯಲ್ಲಿ ‘ಕೃಷ್ಣಾ ನೀ ಬೇಗನೆ’ಗೆ ಅಭಿನಯಿಸಿದ್ದಾರೆ. ನಿರ್ದೇಶಕರು ಸತ್ಯಜಿತ್ ರೇ. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಅವರ ‘ಕಲೋನಿಯಲ್ ಕಸಿನ್ಸ್’ ಅದನ್ನೇ ಗಿಟಾರಿನ ಜೊತೆ ಹಾಡಿತು.

● ಜಾಝ್ ನಮ್ಮಲ್ಲಿಗೆ ನೇರವಾಗಿಯೂ ಬಂದಿದೆ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಸಿತು. ಆರ್.ಎ. ರಮಾಮಣಿ ಅವರ ದನಿಗೆ ಸ್ಯಾಕ್ಸೊಫೋನ್ ಗಮಕ ಕೊಟ್ಟು ಉತ್ತರಿಸುವುದನ್ನು ಅದರಲ್ಲಿ ಕೇಳಬಹುದು.